ಮುಗಿದಿದೆಯಾ?

ಮುಗಿದಿರಬೇಕು, ಅದು ಮೊದಲ ಷರತ್ತು.
ನಾಯಕಿ ಚಂದ ಇಲ್ಲದಿದ್ದರೂ ನಡೆಯುತ್ತೆ,
ಮಾತು ತುರ್ಕಿಯದೋ ಕೊರಿಯಾದ್ದೋ, ಪರವಾಗಿಲ್ಲ,
ಆದರೆ ಮುಗಿದಿರಬೇಕು
ಅನ್ನುತ್ತಾಳೆ ವಾರಿಜಕ್ಕ, ನಾಳೆಯ ದಂಟುಸೊಪ್ಪು ಬಿಡಿಸುತ್ತ,
ಮತ್ತಿಕೆರೆಯ ಎರಡನೇ ಮಹಡಿಯ ನಮ್ಮ ಹಾಲಿನಲ್ಲಿ.

ಅವಳ ಸಿಟ್ಟಿಗೆ ಕಾರಣವಿದೆ.
ಹನ್ನೊಂದು ವರ್ಷದ ಹಿಂದೆ, ಒಂದು ಶುಕ್ರವಾರ,
ಏಳೂವರೆಯ ಧಾರಾವಾಹಿಯ ಸೊಸೆ
ಆಸ್ಪತ್ರೆಯಲ್ಲಿ ಕಣ್ಣು ಬಿಡುವುದರಲ್ಲಿದ್ದಳು.
ರೆಪ್ಪೆ ಅಲುಗಿತು. ಬೆರಳು ಅಲುಗಿತು.
ಸೋಮವಾರ ಅದೇ ಹೊತ್ತಿಗೆ
ಯಾರೋ ಅಡುಗೆ ಸ್ಪರ್ಧೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು.
ಚಾನೆಲ್ಲಿನವರು ಒಂದು ಮಾತು ಹೇಳಲಿಲ್ಲ.
ಈಗಲೂ ಎಲ್ಲಾದರೂ ಕೋಮಾ ಅಂತ ಕಿವಿಗೆ ಬಿದ್ದರೆ
"ಅವಳೊಬ್ಬಳು ಹಾಗೇ ಮಲಗಿದ್ದಾಳಲ್ಲೋ" ಅನ್ನುತ್ತಾಳೆ,
ನಮ್ಮ ಕ್ರಾಸಿನ ಹುಡುಗಿಯೇನೋ ಎಂಬಂತೆ.

ಹಾಗಾಗಿ ಊಟವಾದ ಮೇಲೆ ಹುಡುಕಾಟ.
ರಿಮೋಟು ನನ್ನ ಕೈಲಿ, ತೀರ್ಪು ಅವಳ ಬಾಯಲ್ಲಿ.
ನೂರ ಅರವತ್ತನಾಲ್ಕು ಕಂತು? "ಅಷ್ಟು ಆಯುಸ್ಸು ಯಾರಿಗಿದೆ!"
ಆರೇ ಕಂತು? "ಬಂದ ನೆಂಟರು ಕಾಫಿಗೂ ಕೂರದೆ ಹೋದ ಹಾಗೆ."
ಹಿಮದಲ್ಲಿ ಹೆಣ, ಒಬ್ಬಳು ಪೊಲೀಸಿನವಳು, ಹತ್ತು ಕಂತು?
"ಬೇಡ, ಆ ಊರಲ್ಲಿ ಯಾರೂ ಲೈಟೇ ಹಾಕೋದಿಲ್ಲ."
ಕೆಳಗೆ ಇಸ್ತ್ರಿ ಅಂಗಡಿಯ ಸೆಲ್ವಂ ಹೇಳಿದ್ದು ಒಂದಿತ್ತು.
ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಲೇ
ಫೋನಿನಲ್ಲಿ ಎಲ್ಲ ನೋಡಿ ಮುಗಿಸುವವನು,
ಕೊಲೆಗಾರ ಯಾರು ಅನ್ನುವುದನ್ನೂ
ಬಟ್ಟೆ ಜೊತೆಗೇ ಮಡಿಸಿ ಕೊಟ್ಟುಬಿಟ್ಟ.
ಅದೂ ಹೋಯಿತು.

ಯಶವಂತಪುರದ ಕಡೆ ಗೂಡ್ಸು ಗಾಡಿ ಶಂಟಿಂಗ್ ಆಗುತ್ತಿದೆ,
ಡಬ್ಬಿಗೆ ಡಬ್ಬಿ ತಾಗಿ ದಡ, ದಡ, ದಡ.
ಗಡಿಯಾರ ಹತ್ತೂಕಾಲು. ಇನ್ನೂ ಆರಿಸಿಲ್ಲ.

ಒಂದು ವಿಷಯ ಯಾರಿಗೂ ಹೇಳಿಲ್ಲ ನಾನು:
ಮುಗಿದದ್ದೇ ಬೇಕೆನ್ನುವ ಇವಳು
ಯಾವುದನ್ನೂ ಮುಗಿಸಿಲ್ಲ.
ಕೊನೆಯ ಕಂತು ಬಂತೆಂದರೆ ಸೊಂಟ ಹಿಡಿದು ಏಳುತ್ತಾಳೆ,
ಹಾಲಿಗೆ ಹೆಪ್ಪು ಹಾಕಬೇಕು, ನಲ್ಲಿ ತೊಟ್ಟಿಕ್ಕುತ್ತಿದೆ.
ಮಾರನೇ ದಿನ, "ಬೇರೆ ಏನಿದೆ ನೋಡೋ."
ಕೇಳಿದೆ ಒಮ್ಮೆ.
"ಕೊನೆ ಇದೆ ಅಂತ ಗೊತ್ತಲ್ಲ, ಸಾಕು" ಅಂದಳು.
ಏಳು ಕೊನೆಗಳು ಹಾಗೇ ಉಳಿದಿವೆ,
ಮೇಲುಹಲಗೆಯಲ್ಲಿ ಬಾಯಿಬಟ್ಟೆ ಬಿಚ್ಚದ ಉಪ್ಪಿನಕಾಯಿ ಜಾಡಿಗಳು.

ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದವನು ನಾನು.
ಕೊನೇ ಸ್ಟಾಪಿಗೆ ಟಿಕೆಟ್ ಕೊಂಡು
ಒಂದು ಸ್ಟಾಪು ಮುಂಚೆ ಇಳಿಯುವವರನ್ನು ಕಂಡಿದ್ದೇನೆ.
ಯಾಕೆಂದು ಕೇಳುವುದು ನಮ್ಮ ಕೆಲಸವಲ್ಲ.
ಆದರೆ ಖಾಲಿ ಬಸ್ಸಲ್ಲಿ ಡಿಪೋ ತನಕ ಹೋಗುವುದು ನನಗೆ ರೂಢಿ.
ಅಕ್ಕ ಮಲಗಿದ ಮೇಲೆ, ಸದ್ದು ಅಡಗಿಸಿ,
ಏಳನ್ನೂ ನೋಡಿದ್ದೇನೆ.

ಇನ್ನೊಂದು, ಅದನ್ನೂ ಹೇಳಿಬಿಡುತ್ತೇನೆ:
ಕೆಳಗೆ ಓಡುವ ಇಂಗ್ಲಿಷ್ ಸಾಲು ಓದಿ
ಅವಳಿಗೆ ಕನ್ನಡದಲ್ಲಿ ಹೇಳುವವನು ನಾನೇ.
ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದು, ಸಾಲುಗಳಿಗೋ ಅವಸರ.
ಲೆಕ್ಕ ಕಡಿಮೆ ಬಿದ್ದಲ್ಲಿ ಕೈಯಿಂದ ಹಾಕಿದ್ದೇನೆ,
ಡ್ಯೂಟಿಯಲ್ಲಿದ್ದಾಗಿನ ಹಾಗೆ.
ಕೊರಿಯಾದ ಆ ಎತ್ತರದ ಹುಡುಗನನ್ನು
ಹೂವಿನಂಗಡಿಯವಳ ತಮ್ಮ ಎಂದಿದ್ದೆ ಮೊದಲ ವಾರ;
ಹದಿನಾರನೇ ಕಂತಿನಲ್ಲಿ ಇಬ್ಬರಿಗೂ ಮದುವೆ.
ಅಕ್ಕನಿಗೆ ಅವರಿನ್ನೂ ಅಕ್ಕ ತಮ್ಮ,
ಒಂದೇ ಕೊಡೆಯಡಿ, ಒಂದೇ ಬಟ್ಟಲಿನ ನೂಡಲ್ಸು.
"ಎಷ್ಟು ಅಕ್ಕರೆ ನೋಡೋ" ಎಂದು ಸೆರಗಲ್ಲಿ ಮೂಗು ಒರೆಸಿಕೊಂಡಿದ್ದಳು.

"ಅದು ಹಾಕು" ಅಂದಳು ಈಗ, ಹತ್ತೂಮುಕ್ಕಾಲಿಗೆ.
ದೋಣಿ ಕಟ್ಟಿದ ದಡ, ಹಳದಿ ಕೋಟಿನ ಒಬ್ಬ ಮುದುಕಿ.
"ಎಷ್ಟು?" ಹನ್ನೆರಡು.
"ಮುಗಿದಿದೆಯಾ?" ಮುಗಿದಿದೆ.
ದಂಟು ಪೇಪರಿನಲ್ಲಿ ಸುತ್ತಿಟ್ಟು ಕಾಲು ಚಾಚಿದಳು.
ಮುದುಕಿ ಬಾಗಿಲು ತೆರೆದು ಯಾರಿಗೋ ಏನೋ ಅಂದಳು,
ಪೋರ್ಚುಗೀಸೋ ಮತ್ತೊಂದೋ. ಸಾಲು ಬಂತು, ಹೋಯಿತು.
"ಏನಂತೆ?"
"ಒಳಗೆ ಬಾ ಅಂತೆ" ಅಂದೆ.
ಇರಬಹುದು.